ನೂರು ವರ್ಷ ಮರೆತಿದ್ದ ಹನಿ

ಹುಚ್ಚುನಾಯಿ ಕಚ್ಚಿತೆಂದರೆ ಒಂದು ಕಾಲದಲ್ಲಿ ಮನೆಯವರಿಗೆ ಎರಡು ಚಿಂತೆ. ಹೊಕ್ಕುಳ ಸುತ್ತ ಚುಚ್ಚುವ ಹದಿನಾಲ್ಕು ಇಂಜೆಕ್ಷನ್ ಒಂದು. ಕಚ್ಚಿದ ನಾಯಿಗೆ ನಿಜಕ್ಕೂ ಹುಚ್ಚು ಹಿಡಿದಿತ್ತೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಗುತ್ತಿದ್ದುದು ಪ್ರಯೋಗಾಲಯದಲ್ಲಿ. ಸತ್ತ ನಾಯಿಯ ಮಿದುಳಿನ ಚೂರನ್ನು ಗಾಜಿನ ಮೇಲೆ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಿದ್ದರು. ನರಕೋಶದ ಒಳಗೆ ಕೆಂಪು ಛಾಯೆಯ ದುಂಡನೆಯ ಚುಕ್ಕೆಗಳು ಕಂಡರೆ ಮುಗಿಯಿತು, ರೇಬೀಸ್ ಖಚಿತ. ಕಾಣದಿದ್ದರೆ ಮಾತ್ರ ರೋಗವಿಲ್ಲವೆಂದು ನೆಮ್ಮದಿಯಿಂದ ಇರುವಂತಿರಲಿಲ್ಲ. ರೋಗ ಹಿಡಿದ ಎಲ್ಲ ನಾಯಿಗಳ ಮಿದುಳಿನಲ್ಲೂ ಚುಕ್ಕೆ ಸಿಗುತ್ತಿರಲಿಲ್ಲ.

ಈ ಚುಕ್ಕೆಯನ್ನು 1903ರಲ್ಲಿ ಮೊದಲು ವರ್ಣಿಸಿದವರು ಇಟಲಿಯ ಪಾವಿಯಾ ನಗರದ ಯುವ ವೈದ್ಯ ಆಡೆಲ್ಕಿ ನೇಗ್ರಿ. ಹೆಸರಾಂತ ವಿಜ್ಞಾನಿ ಕಮಿಲ್ಲೊ ಗಾಲ್ಜಿ ಅವರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ನೇಗ್ರಿ, ತಾವು ಕಂಡದ್ದು ರೇಬೀಸ್ ತರುವ ಪರೋಪಜೀವಿಯನ್ನೇ ಎಂದು ನಂಬಿದರು. ಮಲೇರಿಯಾಕ್ಕೆ ಕಾರಣವಾದ ಏಕಕೋಶ ಜೀವಿ ಅದಾಗಲೇ ಸಿಕ್ಕಿದ್ದ ಕಾಲವದು, ಹಾಗೆ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ವರ್ಷ ಇಸ್ತಾಂಬುಲ್‌ನಲ್ಲಿ ರೆಮ್ಲಿಂಗರ್ ಮತ್ತು ರಿಫತ್ ಬೇ ಎಂಬ ಇಬ್ಬರು, ರೇಬೀಸ್ ಹರಡುವ ವಸ್ತು ಬ್ಯಾಕ್ಟೀರಿಯಾ ಕೂಡ ದಾಟಲಾಗದ ಸಣ್ಣ ಸೋಸುಬಟ್ಟಲಿನಿಂದಲೂ ಪಾರಾಗುತ್ತದೆ ಎಂದು ತೋರಿಸಿದರು. ಅಂದರೆ ಅದು ವೈರಸ್. ಚುಕ್ಕೆಯಾದರೋ ವೈರಸ್ಸಿಗಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾದರೆ ಅದೇನು?

ಉತ್ತರ ಬರಲು 114 ವರ್ಷ ಹಿಡಿಯಿತು. ಫ್ರಾನ್ಸಿನ ಸಂಶೋಧಕರ ತಂಡವೊಂದು 2017ರಲ್ಲಿ ರೇಬೀಸ್ ತಗುಲಿದ ಜೀವಂತ ಕೋಶಗಳನ್ನು ಗಮನಿಸಿತು. ಎರಡು ಚುಕ್ಕೆಗಳು ಹತ್ತಿರ ಬಂದರೆ ಕೂಡಿ ಒಂದಾಗುತ್ತಿದ್ದವು, ಕೂಡಿದ ಮೇಲೆ ಮತ್ತೆ ದುಂಡಗಾಗುತ್ತಿದ್ದವು. ಕೋಶದ ಹೊರಗಿನ ದ್ರವವನ್ನು ಒಮ್ಮೆಲೇ ತೆಳುವಾಗಿಸಿದರೆ ಕರಗಿ ಮಾಯವಾಗುತ್ತಿದ್ದವು, ಸ್ವಲ್ಪ ಹೊತ್ತಿಗೆ ತಿರುಗಿ ಮೂಡುತ್ತಿದ್ದವು. ಅದು ಜೀವಿಯೂ ಅಲ್ಲ, ಗಂಟೂ ಅಲ್ಲ. ವೈರಸ್ ತನ್ನ ಪ್ರತಿಗಳನ್ನು ತಯಾರಿಸಲು ಕಟ್ಟಿಕೊಂಡ ಒಂದು ದ್ರವದ ಹನಿ. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಯ ಹಾಗೆ, ಸುತ್ತ ಪೊರೆಯಿಲ್ಲದ, ಪ್ರೊಟೀನು ಮತ್ತು ಆರ್‌ಎನ್‌ಎ ತುಂಬಿದ ಹನಿ.

ವೈರಸ್ ಈ ಉಪಾಯವನ್ನು ತಾನಾಗಿ ಕಂಡುಹಿಡಿದಿರಬೇಕೆಂದು ಭಾವಿಸಬೇಕಿಲ್ಲ. ನಮ್ಮ ಒಂದೊಂದು ಜೀವಕೋಶದಲ್ಲೂ ಇಂಥ ಹನಿಗಳಿವೆ ಎಂಬುದು ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಜೀವವಿಜ್ಞಾನ ಕಂಡ ದೊಡ್ಡ ಸಂಗತಿ. ಕುತೂಹಲದ ವಿಷಯವೆಂದರೆ ಇದು ಹೊಸ ವಿಚಾರವೇ ಅಲ್ಲ. ಒಮ್ಮೆ ಹೇಳಿ, ಆಮೇಲೆ ಒಂದು ಶತಮಾನ ಮರೆತು, ಮತ್ತೆ ನೆನಪಿಸಿಕೊಂಡದ್ದು.

ಕಡಲತೀರದ ಉಪನ್ಯಾಸ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವುಡ್ಸ್ ಹೋಲ್ ಎಂಬ ಕಡಲೂರು ಇದೆ. ಅಲ್ಲಿನ ಸಾಗರ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಬೇಸಿಗೆಯಲ್ಲಿ ದೇಶದ ನಾನಾ ಕಡೆಯ ಪ್ರಾಧ್ಯಾಪಕರು ಬಂದು ಸೇರುವುದು ಹಳೆಯ ರೂಢಿ. ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ಮಂಡ್ ಬೀಚರ್ ವಿಲ್ಸನ್ ಹಾಗೆ ಬರುತ್ತಿದ್ದವರಲ್ಲಿ ಒಬ್ಬರು. ಅವರು ಅಲ್ಲಿ ಮಾಡಿದ ಉಪನ್ಯಾಸವೊಂದು 1899ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ವಿಷಯ: ಜೀವದ್ರವ್ಯದ ರಚನೆ.

ಕೋಶದೊಳಗೆ ತುಂಬಿರುವ ಲೋಳೆಯಂಥ ವಸ್ತುವಿಗೆ ಜೀವದ್ರವ್ಯ ಎಂದು ಹೆಸರಿಟ್ಟು ಆಗ ಅರ್ಧ ಶತಮಾನ ದಾಟಿತ್ತು. ಅದರೊಳಗೆ ಏನಿದೆ ಎಂಬ ಜಗಳ ಮಾತ್ರ ಮುಗಿದಿರಲಿಲ್ಲ. ನೂಲಿನಂಥ ಎಳೆಗಳ ಬಲೆ ಎನ್ನುವವರು ಕೆಲವರು, ಕಾಳುಗಳ ರಾಶಿ ಎನ್ನುವವರು ಇನ್ನು ಕೆಲವರು. ಜರ್ಮನಿಯ ಹೈಡೆಲ್‌ಬರ್ಗ್‌ನ ಓಟ್ಟೊ ಬ್ಯುಟ್ಶ್ಲಿ ಅದನ್ನು ನೊರೆ ಎಂದರು. ಬರೀ ಅನ್ನಲಿಲ್ಲ, ಮಾಡಿ ತೋರಿಸಿದರು. ಹಳೆಯ ಆಲಿವ್ ಎಣ್ಣೆಯಲ್ಲಿ ಪೊಟ್ಯಾಶ್ ಅರೆದು, ಅದರ ಹನಿಯನ್ನು ನೀರಿಗೆ ಬಿಟ್ಟರೆ ನುಣ್ಣನೆಯ ನೊರೆಯಾಗಿ ಅಮೀಬಾದಂತೆ ಹರಿದಾಡುತ್ತಿತ್ತು!

ವಿಲ್ಸನ್ ನೋಡಿದ್ದು ಸಮುದ್ರನಕ್ಷತ್ರದ, ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಕಡಲಜೀವಿಯ ಮೊಟ್ಟೆಗಳನ್ನು. ಬಣ್ಣ ಹಾಕಿ ಸಾಯಿಸಿದ ಕೋಶವಷ್ಟನ್ನೇ ಅಲ್ಲ, ಜೀವಂತ ಕೋಶವನ್ನೂ ನೋಡಿದರು. ಅವರು ಹೇಳಿದ್ದರ ಸಾರಾಂಶ ಇಷ್ಟು: ಜೀವದ್ರವ್ಯವೆಂದರೆ ಹಲವು ದ್ರವಗಳ ಬೆರಕೆ. ಎಲ್ಲೆಡೆ ಹರಡಿರುವ ಒಂದು ದ್ರವದೊಳಗೆ ಬೇರೆ ಬೇರೆ ರಾಸಾಯನಿಕ ಗುಣದ ಹನಿಗಳು ತೇಲುತ್ತಿವೆ. ಇವತ್ತಿನ ಪುಸ್ತಕದಲ್ಲಿ ಹಾಗೆಯೇ ಎತ್ತಿ ಹಾಕಿದರೂ ದೊಡ್ಡ ತಪ್ಪಾಗಲಾರದು.

ಆದರೆ ವಿಲ್ಸನ್ ಅವರನ್ನು ಜಗತ್ತು ನೆನಪಿಟ್ಟದ್ದು ಬೇರೆ ಕಾರಣಕ್ಕೆ. ಹೆಣ್ಣು ಗಂಡೆಂಬ ಭೇದಕ್ಕೆ ವರ್ಣತಂತುಗಳು ಕಾರಣ ಎಂಬುದನ್ನು 1905ರಲ್ಲಿ ಅವರೂ ನೆಟ್ಟೀ ಸ್ಟೀವನ್ಸ್ ಎಂಬ ವಿಜ್ಞಾನಿಯೂ ಬೇರೆ ಬೇರೆಯಾಗಿ ಸಾಧಿಸಿದರು. ಹನಿ ಹಿಂದೆ ಸರಿಯಿತು.

ಯಾಕೆ ಮರೆತರು?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರೊಟೀನುಗಳೆಂದರೆ ಗೋಂದಿನ ಹಾಗೆ ನಿರ್ದಿಷ್ಟ ಆಕಾರವಿಲ್ಲದ ಅಂಟು ಎಂದೇ ಅನೇಕರ ಎಣಿಕೆಯಾಗಿತ್ತು. ಆ ಎಣಿಕೆಗೆ ಪೆಟ್ಟು ಬಿದ್ದದ್ದು 1926ರಲ್ಲಿ. ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯಿಂದ ಯೂರಿಯೇಸ್ ಎಂಬ ಕಿಣ್ವವನ್ನು ತೆಗೆದು ಹರಳುಗಟ್ಟಿಸಿದರು. ಹರಳಾಗುತ್ತದೆ ಎಂದರೆ ಪ್ರತಿ ಅಣುವಿಗೂ ಒಂದೇ ಆಕಾರವಿರಬೇಕು. ಅಲ್ಲಿಂದ ಮುಂದೆ ದಾರಿ ನೇರವಾಯಿತು. ಹರಳಿಗೆ ಎಕ್ಸ್‌ರೇ ಹಾಯಿಸಿ ಆಕಾರ ಕಂಡುಹಿಡಿಯುವ ವಿದ್ಯೆ ಬೆಳೆಯಿತು. 1950ರ ದಶಕದ ಕೊನೆಗೆ ಕೇಂಬ್ರಿಜ್‌ನಲ್ಲಿ ಕೆಂಡ್ರೂ ಮತ್ತು ಪೆರುಟ್ಸ್ ಪ್ರೊಟೀನುಗಳ ಆಕಾರವನ್ನು ಕಟ್ಟಿ ತೋರಿಸಿದರು. ಪ್ರೊಟೀನಿನ ಸರಪಳಿ ಎಲ್ಲೆಲ್ಲಿ ಮಡಿಚಬಹುದು, ಎಲ್ಲಿ ಮಡಿಚಲಾಗದು ಎಂಬ ಲೆಕ್ಕವನ್ನು 1963ರಲ್ಲಿ ಮದ್ರಾಸಿನಿಂದ ಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಇದೇ ರಾಮಚಂದ್ರನ್ ಅವರ ನಕ್ಷೆಯನ್ನು ಇಂದಿಗೂ ಜಗತ್ತಿನ ಎಲ್ಲೆಡೆ ಬಳಸುತ್ತಾರೆ. ಆಕಾರವೇ ಗುಣ ಎಂಬ ಆ ಕಾಲದ ನಂಬಿಕೆಗೆ ಫಲವೂ ಧಾರಾಳವಾಗಿ ಸಿಕ್ಕಿತು. ಆಕಾರವಿಲ್ಲದ ಹನಿಯನ್ನು ಕೇಳುವವರು ಯಾರು?

ಇನ್ನೊಂದು ಕಾರಣ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಕೋಶದ ಅಂಗಾಂಗಗಳನ್ನು ಅದು ಬಿಡಿಸಿ ತೋರಿಸಿತು. ಆ ಕೆಲಸಕ್ಕೆ ಕ್ಲಾಡ್, ಪಲಾಡೆ, ಡಿ ಡ್ಯೂವ್ ಎಂಬ ಮೂವರಿಗೆ 1974ರಲ್ಲಿ ನೊಬೆಲ್ ಬಂತು. ಆದರೆ ಆ ಯಂತ್ರದಲ್ಲಿ ನೋಡಬೇಕಾದರೆ ಕೋಶವನ್ನು ಸಾಯಿಸಿ, ಒಣಗಿಸಿ, ಹಪ್ಪಳಕ್ಕಿಂತ ಸಾವಿರಾರು ಪಟ್ಟು ತೆಳ್ಳಗೆ ಕೊಯ್ಯಬೇಕು. ಪೊರೆಗಳು ಗೆರೆ ಎಳೆದಂತೆ ಎದ್ದು ಕಾಣುತ್ತವೆ. ಹರಿಯುವುದು, ಕೂಡುವುದು, ಕರಗುವುದು ಕಾಣುವುದಿಲ್ಲ. ಕೋಶವೆಂದರೆ ಪೊರೆಯ ಗೋಡೆಗಳಿಂದ ಕೋಣೆ ಕೋಣೆಯಾಗಿ ಪಾಲಾದ ಕಾರ್ಖಾನೆ ಎಂಬ ಚಿತ್ರ ಪಠ್ಯಪುಸ್ತಕಕ್ಕೆ ಬಂದದ್ದು ಹೀಗೆ. ಪಿಯುಸಿಯಲ್ಲಿ ಆ ಚಿತ್ರವನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದು ಅಂಕ ಗಿಟ್ಟಿಸಿದ್ದು ನನಗೂ ನೆನಪಿದೆ.

ಆ ಚಿತ್ರದಲ್ಲೂ ಒಂದು ತೊಡಕಿತ್ತು. ಕೋಶಕೇಂದ್ರದ ನಡುವೆ ನ್ಯೂಕ್ಲಿಯೋಲಸ್ ಎಂಬ ಕಪ್ಪು ಉಂಡೆ. 1781ರಷ್ಟು ಹಿಂದೆಯೇ ಇಟಲಿಯ ಫೆಲಿಚೆ ಫೊಂಟಾನಾ ಹಾವುಮೀನಿನ ಚರ್ಮದ ಲೋಳೆಯಲ್ಲಿ ಅದನ್ನು ಕಂಡಿದ್ದರು. ಅದಕ್ಕೆ ಪೊರೆಯಿಲ್ಲ. ಪೊರೆಯಿಲ್ಲದೆ ಅದು ಕರಗಿಹೋಗದೆ ಉಳಿಯುವುದು ಹೇಗೆ? ನಾವು ವಿದ್ಯಾರ್ಥಿಗಳು ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ.

ಹನಿಯನ್ನು ಪೂರ್ತಿ ಮರೆಯದವರೂ ಇದ್ದರು. ಹಾಲೆಂಡಿನ ಬುಂಗೆನ್‌ಬೆರ್ಗ್ ಡಿ ಯಾಂಗ್ 1929ರ ಸುಮಾರಿಗೆ ಜೆಲಾಟಿನ್ ಮತ್ತು ಅರೇಬಿಕ್ ಗೋಂದನ್ನು ನೀರಿನಲ್ಲಿ ಬೆರೆಸಿ ತಾವಾಗಿ ಹನಿಗಟ್ಟುವುದನ್ನು ತೋರಿಸಿ, ಅದಕ್ಕೆ 'ಕೋಅಸರ್ವೇಟ್' ಎಂದು ಹೆಸರಿಟ್ಟರು. ರಷ್ಯಾದ ಅಲೆಕ್ಸಾಂಡರ್ ಒಪಾರಿನ್ ಇದನ್ನು ಎತ್ತಿಕೊಂಡು, ಆದಿಕಾಲದ ಕಡಲಿನಲ್ಲಿ ಇಂಥ ಹನಿಗಳಿಂದಲೇ ಜೀವ ಹುಟ್ಟಿರಬೇಕು ಎಂದರು. ಕೋಶಪೊರೆ ಹುಟ್ಟುವ ಮೊದಲೇ ರಾಸಾಯನಿಕಗಳನ್ನು ಒಂದೆಡೆ ಕೂಡಿಹಾಕಲು ಹನಿ ಸಾಕು ಎಂಬುದು ಅವರ ವಾದ. ಜೀವದ ಉಗಮದ ಬಗ್ಗೆ 1929ರಲ್ಲಿ ಬೇರೆಯಾಗಿಯೇ ಬರೆದ ಇನ್ನೊಬ್ಬರು ಬ್ರಿಟನ್ನಿನ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ. ಒಪಾರಿನ್ ಮಾತ್ರ ಸ್ಟಾಲಿನ್ ಕಾಲದಲ್ಲಿ ತಳಿವಿಜ್ಞಾನವನ್ನೇ ಅಲ್ಲಗಳೆದ ಲೈಸೆಂಕೋನ ಪರ ನಿಂತರು. ಹನಿಯ ಸಿದ್ಧಾಂತಕ್ಕೆ ಪಶ್ಚಿಮದಲ್ಲಿ ಗೌರವ ಹೆಚ್ಚಲು ಇದೇನೂ ನೆರವಾಗಲಿಲ್ಲ.

1970ರ ದಶಕದಲ್ಲಿ ಹನಿ ಮತ್ತೊಮ್ಮೆ ಬಾಗಿಲು ತಟ್ಟಿತು. ಎಳೆಗರುವಿನ ಕಣ್ಣಿನ ಮಸೂರವನ್ನು ತಣ್ಣಗೆ ಮಾಡಿದರೆ ಮಂಜುಗಟ್ಟುತ್ತದೆ, ಬೆಚ್ಚಗೆ ಮಾಡಿದರೆ ತಿಳಿಯಾಗುತ್ತದೆ. ಅಮೆರಿಕದ ಎಂಐಟಿಯ ಭೌತವಿಜ್ಞಾನಿಗಳಾದ ತನಾಕಾ ಮತ್ತು ಬೆನೆಡೆಕ್, ಮಸೂರದ ಪ್ರೊಟೀನು ದ್ರಾವಣ ಎರಡು ದ್ರವಗಳಾಗಿ ಒಡೆಯುವುದೇ ಇದಕ್ಕೆ ಕಾರಣ ಎಂದು ವಿವರಿಸಿದರು. ಕಣ್ಣಿನ ವಿಶೇಷವೆಂದು ಬಗೆದು ಉಳಿದವರು ಸುಮ್ಮನಾದರು. 1995ರಲ್ಲಿ ವಾಲ್ಟರ್ ಮತ್ತು ಬ್ರೂಕ್ಸ್ ಎಂಬಿಬ್ಬರು, ಕೋಶರಸದಲ್ಲಿ ಎಲ್ಲೆಡೆಯೂ ಹೀಗೆ ಆಗುತ್ತಿರಬೇಕು ಎಂದು ಬರೆದರು. ಅದಕ್ಕೂ ಹೆಚ್ಚಿನ ಸದ್ದಾಗಲಿಲ್ಲ.

ಒಂದು ಹುಳುವಿನ ಮೊಟ್ಟೆ

ಮತ್ತೆ ವುಡ್ಸ್ ಹೋಲ್. 2008ರ ಬೇಸಿಗೆ. ಅಲ್ಲಿನ ತರಬೇತಿ ಶಿಬಿರಕ್ಕೆ ಜರ್ಮನಿಯ ಡ್ರೆಸ್ಡನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ಆಂಟನಿ ಹೈಮನ್ ಮತ್ತು ಅವರ ತಂಡದ ಯುವ ಸಂಶೋಧಕ ಕ್ಲಿಫರ್ಡ್ ಬ್ರಾಂಗ್ವಿನ್ ಬಂದಿದ್ದರು. ಬ್ರಾಂಗ್ವಿನ್ ಓದಿದ್ದು ಭೌತಿಕ ವಸ್ತುಗಳ ಗುಣಧರ್ಮವನ್ನು. ಅವರು ನೋಡುತ್ತಿದ್ದುದು ಸಿ. ಎಲಿಗನ್ಸ್ ಎಂಬ, ಒಂದು ಮಿಲಿಮೀಟರ್ ಉದ್ದದ ಹುಳುವಿನ ಭ್ರೂಣವನ್ನು.

ಈ ಭ್ರೂಣ ಇನ್ನೂ ಒಂದೇ ಕೋಶವಾಗಿರುವಾಗ ಅದರ ತುಂಬ ಪಿ-ಕಣಗಳೆಂಬ ಉಂಡೆಗಳು ಹರಡಿರುತ್ತವೆ. ಕೋಶ ಒಡೆದು ಎರಡಾಗುವ ಹೊತ್ತಿಗೆ ಎಲ್ಲವೂ ಹಿಂಭಾಗದಲ್ಲೇ ಇರುತ್ತವೆ. ಹಿಂಭಾಗದ ಕೋಶದಿಂದಲೇ ಮುಂದೆ ಅಂಡಾಣು, ವೀರ್ಯಾಣುಗಳು ಹುಟ್ಟಬೇಕು. ಉಂಡೆಗಳು ಹಿಂದಕ್ಕೆ ಹೋಗುವುದು ಹೇಗೆ? ಯಾರಾದರೂ ಹೊತ್ತೊಯ್ಯುತ್ತಾರೆ ಎಂಬುದು ಒಂದು ಊಹೆ, ಮುಂಭಾಗದವು ನಾಶವಾಗುತ್ತವೆ ಎಂಬುದು ಇನ್ನೊಂದು. 1980ರ ದಶಕದಿಂದಲೂ ಈ ಉಂಡೆಗಳ ಪರಿಚಯವಿತ್ತು. ಅವು ಘನವೋ ದ್ರವವೋ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಇವರು ಕೇಳಿದರು. ಉಂಡೆಗಳು ಕೋಶಕೇಂದ್ರದ ಮೇಲಿಂದ ಕಿಟಕಿಗಾಜಿನ ಮೇಲಿನ ಮಳೆಹನಿಯಂತೆ ಜಾರಿ ತೊಟ್ಟಿಕ್ಕುತ್ತಿದ್ದವು. ಎರಡು ತಾಗಿದರೆ ಒಂದಾಗುತ್ತಿದ್ದವು. ಅವುಗಳ ದಪ್ಪವನ್ನೂ ಲೆಕ್ಕ ಹಾಕಿದರು. ನೀರಿಗಿಂತ ಸುಮಾರು ಸಾವಿರ ಪಟ್ಟು, ಅಂದರೆ ಹತ್ತಿರ ಹತ್ತಿರ ಗ್ಲಿಸರಿನ್‌ನಷ್ಟು. ಯಾರೂ ಅವನ್ನು ಹೊತ್ತೊಯ್ಯುತ್ತಿರಲಿಲ್ಲ. ಮುಂಭಾಗದಲ್ಲಿ ಕರಗುತ್ತಿದ್ದವು, ಹಿಂಭಾಗದಲ್ಲಿ ಹೊಸದಾಗಿ ಹನಿಗಟ್ಟುತ್ತಿದ್ದವು. ಗಾಳಿಯಲ್ಲಿ ತೇವ ಎಲ್ಲ ಕಡೆಯೂ ಇದ್ದರೂ ಮುಂಜಾನೆ ತಣ್ಣನೆಯ ಗರಿಕೆಯ ತುದಿಯಲ್ಲಷ್ಟೇ ಇಬ್ಬನಿ ಕೂರುವುದಿಲ್ಲವೆ, ಹಾಗೆ. ಡ್ರೆಸ್ಡನ್ನಿನ ಭೌತವಿಜ್ಞಾನಿ ಫ್ರಾಂಕ್ ಯೂಲಿಷರ್ ಕೂಡ ಕೈಜೋಡಿಸಿದ ಈ ಲೇಖನ 2009ರಲ್ಲಿ, ವಿಲ್ಸನ್ ಬರೆದಿದ್ದ 'ಸೈನ್ಸ್' ಪತ್ರಿಕೆಯಲ್ಲೇ, ಪ್ರಕಟವಾಯಿತು. ನಡುವೆ 110 ವರ್ಷ.

ಆ ಮೇಲೆ ತಡವಾಗಲಿಲ್ಲ. ಫೊಂಟಾನಾ ಕಂಡ ನ್ಯೂಕ್ಲಿಯೋಲಸ್ ಕೂಡ ದ್ರವದ ಹನಿಯಂತೆಯೇ ವರ್ತಿಸುತ್ತದೆ ಎಂಬುದು 2011ರಲ್ಲಿ ಕಪ್ಪೆಯ ಮೊಟ್ಟೆಯಲ್ಲಿ ತಿಳಿಯಿತು. ಪಠ್ಯಪುಸ್ತಕದ ಕಪ್ಪು ಉಂಡೆಯ ಒಗಟು ಅಲ್ಲಿಗೆ ಬಹುಪಾಲು ಬಿಡಿಸಿದಂತಾಯಿತು.

ಗೋಡೆಯಿಲ್ಲದ ಸಂತೆ

ಹನಿ ಕಟ್ಟುವುದು ಯಾಕೆ? ನಮ್ಮ ಕಡೆಯ ವಾರದ ಸಂತೆಯನ್ನು ನೆನಪಿಸಿಕೊಳ್ಳಿ. ಅದಕ್ಕೆ ಕಾಂಪೌಂಡ್ ಇಲ್ಲ, ಗೇಟಿಲ್ಲ. ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಆದರೂ ಸಂತೆ ಎಲ್ಲಿ ಮುಗಿಯುತ್ತದೆ, ಬಯಲು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತದೆ. ಕೊಳ್ಳುವವನಿಗೆ ಹಲವು ಅಂಗಡಿ, ಅಂಗಡಿಯವನಿಗೆ ಹಲವು ಗಿರಾಕಿ. ಒಬ್ಬೊಬ್ಬರ ನಂಟೂ ಕ್ಷಣದ್ದು, ಒಟ್ಟಾಗಿ ಸಂತೆ ನಿಲ್ಲುತ್ತದೆ. ಹನಿ ಕಟ್ಟುವ ಪ್ರೊಟೀನುಗಳಿಗೂ ಹೀಗೆ ಒಂದೊಂದರಲ್ಲಿ ಹಲವು ಅಂಟುತಾಣಗಳಿರುತ್ತವೆ, ಒಂದೊಂದರ ಹಿಡಿತವೂ ಸಡಿಲ. ಅಮೆರಿಕದ ಡಲ್ಲಾಸ್‌ನಲ್ಲಿ ಮೈಕಲ್ ರೋಸನ್ ಅವರ ತಂಡ 2012ರಲ್ಲಿ, ಅಂಟುತಾಣಗಳನ್ನು ಹೆಚ್ಚಿಸುತ್ತ ಹೋದಂತೆ ಗಾಜಿನ ನಳಿಕೆಯಲ್ಲಿ ಪ್ರೊಟೀನುಗಳು ಸುಲಭವಾಗಿ ಹನಿಗಟ್ಟುವುದನ್ನು ತೋರಿಸಿತು.

ಇನ್ನೊಂದು ಮಾತೂ ತಿಳಿದುಬಂತು. ಹನಿ ಕಟ್ಟುವ ಪ್ರೊಟೀನುಗಳಲ್ಲಿ ಅನೇಕವಕ್ಕೆ ಸ್ಥಿರ ಆಕಾರವಿಲ್ಲದ ಭಾಗಗಳಿವೆ. ಎಣ್ಣೆ ಹಾಕಿ ಬೇಯಿಸಿದ ಶಾವಿಗೆಯ ಹಾಗೆ ನುಲಿದಾಡುವ ಎಳೆಗಳು. ಹರಳುಗಟ್ಟಿಸಲು ಹೋದವರಿಗೆ ಈ ಎಳೆಗಳು ಬರೀ ತೊಂದರೆ, ಕತ್ತರಿಸಿ ಎಸೆದು ಉಳಿದದ್ದನ್ನು ಹರಳು ಮಾಡುತ್ತಿದ್ದುದುಂಟು.

ಹನಿ ಗಟ್ಟಿಯಾದರೆ

ಇದುವರೆಗಿನದು ಕುತೂಹಲದ ವಿಷಯ. ವೈದ್ಯರು ಕಿವಿ ನಿಮಿರಿಸಿದ್ದು 2015ರಲ್ಲಿ. ಎಎಲ್‌ಎಸ್ ಎಂಬ ನರರೋಗದ ಹೆಸರು ಸ್ಟೀಫನ್ ಹಾಕಿಂಗ್ ಅವರಿಂದಾಗಿ ನಮ್ಮ ಓದುಗರಿಗೂ ಪರಿಚಿತ. ಕೈಕಾಲು, ನಾಲಿಗೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ, ಬುದ್ಧಿ ಬಹುಮಟ್ಟಿಗೆ ಚುರುಕಾಗಿಯೇ ಇರುತ್ತದೆ. ಇಂಥ ಕೆಲವು ರೋಗಿಗಳ ನರಕೋಶಗಳಲ್ಲಿ ಫಸ್ ಎಂಬ ಪ್ರೊಟೀನಿನ ಗಟ್ಟಿ ಮುದ್ದೆಗಳು ಸಿಗುತ್ತವೆ. ಹೈಮನ್ ತಂಡ ಈ ಫಸ್ ಪ್ರೊಟೀನನ್ನು ಶುದ್ಧೀಕರಿಸಿ ನೋಡಿತು. ಮೊದಲು ಅದು ತಿಳಿಯಾದ ದ್ರವಹನಿ ಕಟ್ಟಿತು. ಕೆಲವು ಗಂಟೆ ಬಿಟ್ಟರೆ ಹನಿ ಹರಿಯುವುದನ್ನು ನಿಲ್ಲಿಸಿತು, ಮುಳ್ಳುಮುಳ್ಳಾಗಿ ನಾರು ಚಾಚಿತು. ರೋಗಿಗಳಲ್ಲಿ ಕಂಡುಬಂದ ಒಂದು ದೋಷವನ್ನು ಪ್ರೊಟೀನಿನಲ್ಲಿ ಸೇರಿಸಿದಾಗ ಈ ಬದಲಾವಣೆ ಇನ್ನೂ ಬೇಗ ಆಯಿತು. ಅದೇ ವರ್ಷ ಅಮೆರಿಕದ ಮತ್ತೊಂದು ತಂಡ ಇನ್ನೊಂದು ಪ್ರೊಟೀನಿನಲ್ಲೂ ಇಂಥದ್ದನ್ನೇ ಕಂಡಿತು.

ತುಪ್ಪ ಚಳಿಗೆ ಗಟ್ಟಿಯಾದರೆ ಬಿಸಿಗೆ ಮತ್ತೆ ಕರಗುತ್ತದೆ. ಮೊಟ್ಟೆಯ ಬಿಳಿ ಬೆಂದರೆ ಹಿಂದಕ್ಕೆ ಬಾರದು. ನರಕೋಶದ ಹನಿ ಮೊದಲನೆಯದರಂತೆ ಇರಬೇಕಾದದ್ದು ಎರಡನೆಯದರಂತಾದರೆ ಕೇಡು. ಎಂಬತ್ತು ವರ್ಷ ಅದನ್ನು ಗಟ್ಟಿಯಾಗದಂತೆ ಕೋಶ ಕಾಯಬೇಕು. ಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿ, ಕಿಣ್ವಗಳಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಪ್ರಮಾಣದಲ್ಲಿ ಕೋಶದಲ್ಲಿ ಯಾಕಿದೆ ಎಂಬ ಹಳೆಯ ಪ್ರಶ್ನೆಗೆ 2017ರಲ್ಲಿ ಒಂದು ಉತ್ತರ ಬಂದದ್ದೂ ಇಲ್ಲಿಂದಲೇ: ಅದು ಪ್ರೊಟೀನುಗಳು ಗಂಟುಕಟ್ಟದಂತೆ ಕರಗಿಸಿಡುವ ಕೆಲಸವನ್ನೂ ಮಾಡುತ್ತದಂತೆ.

ಇಷ್ಟಾದ ಮೇಲೆ ಹನಿಯ ಜಾತ್ರೆಯೇ ನೆರೆಯಿತು. ಹನಿಯನ್ನು ಗುರಿಯಾಗಿಸಿಕೊಂಡು ಮದ್ದು ಹುಡುಕುವ ಕಂಪೆನಿಗಳು ಹುಟ್ಟಿದವು. ಬ್ರಾಂಗ್ವಿನ್ ಮತ್ತು ಹೈಮನ್ ಅವರಿಗೆ 2023ರ ಬ್ರೇಕ್‌ಥ್ರೂ ಪ್ರಶಸ್ತಿ ಸಂದಿತು. ಕೋಶದಲ್ಲಿ ದುಂಡಗೆ ಕಂಡದ್ದೆಲ್ಲ ಹನಿಯೇ ಎನ್ನುವ ಉತ್ಸಾಹವೂ ಬಂತು. ಇದಕ್ಕೆ ಕಡಿವಾಣ ಹಾಕಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ರಾಬರ್ಟ್ ಜಿಯಾನ್, ಕ್ಸೇವಿಯರ್ ಡಾರ್ಜಾಕ್ ಮತ್ತು ಸಂಗಡಿಗರು. ಗಾಜಿನ ನಳಿಕೆಯಲ್ಲಿ ಪ್ರೊಟೀನನ್ನು ಹೆಚ್ಚು ತುಂಬಿದರೆ ಹನಿ ಕಟ್ಟೀತು, ಜೀವಂತ ಕೋಶದಲ್ಲಿ ಅಷ್ಟು ಪ್ರೊಟೀನು ಇದೆಯೇ? ಹನಿಯನ್ನು ಕರಗಿಸಲು ಬಳಸುವ ಹೆಕ್ಸೇನ್‌ಡಯಾಲ್ ಎಂಬ ರಾಸಾಯನಿಕ ಕೋಶದ ಬೇರೆ ಭಾಗಗಳನ್ನೂ ಹಾಳುಗೆಡವುತ್ತದೆ, ಅದರಿಂದ ಬಂದ ಸಾಕ್ಷ್ಯವನ್ನು ಎಷ್ಟು ನಂಬಬೇಕು? 2019ರಲ್ಲಿ ಅವರು ಎತ್ತಿದ ಈ ಪ್ರಶ್ನೆಗಳಿಗೆ ಎಲ್ಲ ಕಡೆಯಿಂದಲೂ ಉತ್ತರ ಬಂದಿಲ್ಲ. ಹರಳಿನ ಕಾಲದಲ್ಲಿ ಆಕಾರವಿಲ್ಲದ್ದು ಕಣ್ಣಿಗೆ ಬೀಳಲಿಲ್ಲ. ಹನಿಯ ಕಾಲದಲ್ಲಿ ಬೇರೇನು ಕಣ್ಣು ತಪ್ಪುತ್ತಿದೆಯೋ ಎಂಬ ಅನುಮಾನ ಈ ವರದಿಗಾರಿಕೆಯ ಹಾದಿಯಲ್ಲಿ ನನಗೂ ಬಾರದಿರಲಿಲ್ಲ.

ಎಎಲ್‌ಎಸ್ ವಾಸಿಮಾಡುವ ಮದ್ದು ಇನ್ನೂ ಇಲ್ಲ. ಗಟ್ಟಿ ಮುದ್ದೆ ರೋಗದ ಕಾರಣವೋ ಪರಿಣಾಮವೋ ಎಂಬ ಚರ್ಚೆಯೂ ನಡೆದಿದೆ. ಹನಿ ಕಟ್ಟದಂತೆ ತಡೆದುಬಿಟ್ಟರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಐರ್ಲೆಂಡಿನ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು 2018ರಲ್ಲಿ ಹಣ್ಣುನೊಣಗಳಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿದರು. ಅಟಾಕ್ಸಿನ್-2 ಎಂಬ ಪ್ರೊಟೀನಿನಿಂದ ಆಕಾರವಿಲ್ಲದ ಎಳೆಯನ್ನು ತೆಗೆದುಹಾಕಿದರು. ನರಕೋಶದ ಕಣಗಳು ಸರಿಯಾಗಿ ಕೂಡಲಿಲ್ಲ. ನರಕೋಶ ನಶಿಸುವ ರೋಗದಿಂದ ನೊಣಗಳಿಗೆ ಒಂದಿಷ್ಟು ರಕ್ಷಣೆ ಸಿಕ್ಕಿತು. ಆದರೆ ಬಹುಕಾಲ ಉಳಿಯಬೇಕಾದ ನೆನಪು ಅವುಗಳಲ್ಲಿ ಮೂಡಲಿಲ್ಲ.